ಪಂಚನಹಳ್ಳಿಗೆ ಬಂದ ಜುಗುರ್ಥ

ನಿವೃತ್ತಿಯಾದ ಮೇಲೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವ ಹಳೆಯ ವಿದ್ಯಾರ್ಥಿಗಳು ನನ್ನ ಮಂಡಿನೋವನ್ನು ವಿಚಾರಿಸುವುದಿಲ್ಲ. ನಮಸ್ಕಾರ ಮಾಡಿ, "ಜುಗುರ್ಥ ಹೆಂಗಿದಾನೆ ಮಿಸ್?" ಎಂದು ಕೇಳುತ್ತಾರೆ. ಪಕ್ಕದಲ್ಲಿ ನಿಂತವರು ಅವನ್ಯಾರೋ ನನ್ನ ಅಳಿಯನಿರಬೇಕು ಎಂದುಕೊಳ್ಳುತ್ತಾರೆ. ನಾನೂ "ಚೆನ್ನಾಗಿದಾನಪ್ಪ" ಎಂದು ಹೇಳಿ ಬಸ್ಸು ಹತ್ತುತ್ತೇನೆ. ಜುಗುರ್ಥ ಆಫ್ರಿಕಾದ ಉತ್ತರ ತುದಿಯಲ್ಲಿದ್ದ ನುಮಿಡಿಯ ಎಂಬ ನಾಡಿನ ರಾಜ. ಸತ್ತು ಎರಡು ಸಾವಿರ ವರ್ಷದ ಮೇಲಾಯಿತು. ಸಂಬಳವಿಲ್ಲದೆ ನನ್ನ ಜೊತೆ ಅಜ್ಜಂಪುರ, ತರೀಕೆರೆ, ಕಡೂರುಗಳಲ್ಲಿ ದುಡಿದವನು ಅವನೊಬ್ಬನೇ.

ಹೊಸದಾಗಿ ಸೇರಿದ ಇತಿಹಾಸದ ಉಪನ್ಯಾಸಕರಿಗೆ ನಾಲ್ಕು ಮಾತು ಹೇಳಿ ಎಂದು ಈಚೆಗೆ ನನ್ನನ್ನು ಒಂದು ತರಬೇತಿಗೆ ಕರೆದಿದ್ದರು. ಹೂಗುಚ್ಛ ಕೊಟ್ಟು, ಪರಿಚಯ ಓದಿ, ಬೇರೆಯವರೆಲ್ಲ ಮಾತಾಡಿ ಮೈಕು ನನ್ನ ಕೈಗೆ ಬರುವ ಹೊತ್ತಿಗೆ ಸಾರಿನ ಒಗ್ಗರಣೆಯ ವಾಸನೆ ಹಾಲಿಗೆ ನುಗ್ಗಿತು. ಒಗ್ಗರಣೆಯ ಎದುರು ಯಾವ ಸಾಮ್ರಾಜ್ಯವೂ ನಿಲ್ಲುವುದಿಲ್ಲ. ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲುಗಳನ್ನು ನನ್ನ ಮನೆಯವರು ಅಂಗಡಿಯ ಹೊಲಿಗೆ ಮಿಷನ್ನುಗಳಿಗೆ ಹೊದಿಸಿದ್ದಾರೆ.

ಅಜ್ಜಂಪುರ ನನ್ನ ಮೊದಲ ಊರು. ಆಗ ನನಗೆ ಸೀರೆಯ ನೆರಿಗೆ ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ, ರೋಮ್ ಸಾಮ್ರಾಜ್ಯದ ಏಳುಬೀಳು ಮಾತ್ರ ಬಾಯಿಪಾಠವಾಗಿತ್ತು. ಮೊದಲ ವಾರವೇ ಸೀಸರನನ್ನು ಹಿಡಿದುಕೊಂಡು ತರಗತಿಗೆ ಹೋದೆ. ಅವನು ನದಿ ದಾಟಿದ, ಯುದ್ಧ ಗೆದ್ದ, ಚೂರಿ ತಿಂದು ಸತ್ತ. ಇಷ್ಟಾದರೂ ಒಬ್ಬರೂ ತಲೆ ಎತ್ತಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಬಹಳ ಮರ್ಯಾದೆಯಿಂದ, "ಮಿಸ್, ಅದು ಅವರೂರಿನ ವಿಷಯ ಅಲ್ವಾ?" ಎಂದ. ಎಂ.ಎ. ಓದಿದ್ದಷ್ಟೂ ಒಂದು ಪ್ರಶ್ನೆಗೆ ಸೋತುಹೋಯಿತು.

ಬೀರೂರಿನಲ್ಲಿ ರೈಲಿಗೆ ಕಾಯುತ್ತ ಕೂತಾಗ ಆ ಹುಡುಗನ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಆಗ ಜುಗುರ್ಥ ನೆನಪಾದ. ನಮ್ಮ ಪಠ್ಯದಲ್ಲಿ ಅವನ ಹೆಸರೂ ಇಲ್ಲ. ಆದರೆ ಒಂದು ವಿಷಯ ಹೊಳೆಯಿತು. ರೋಮಿನ ಕಡೆಯಿಂದ ನೋಡಿದರೆ ರೋಮ್ ದೊಡ್ಡ ಸಾಮ್ರಾಜ್ಯ. ಅಲ್ಲಿಗೆ ಕೆಲಸದ ಮೇಲೆ ಹೋಗಬೇಕಾಗಿ ಬಂದವನ ಕಡೆಯಿಂದ ನೋಡಿದರೆ ಅದೊಂದು ತಾಲ್ಲೂಕು ಕಚೇರಿ. ಇವತ್ತು ಬಾ, ನಾಳೆ ಬಾ, ಸಾಹೇಬರಿಲ್ಲ, ಅವರನ್ನು ನೋಡು, ಇವರನ್ನು ನೋಡಿಕೋ. ಈ ರೋಮ್ ನನ್ನ ಮಕ್ಕಳಿಗೆ ಚೆನ್ನಾಗಿ ಗೊತ್ತು. ಅಪ್ಪನ ಜೊತೆ ಖಾತೆ ಬದಲಾವಣೆಗೆ ಹೋಗಿ ಜಗಲಿಯ ಮೇಲೆ ಕಾದವರು ಅವರಲ್ಲಿ ಎಷ್ಟೋ ಜನ.

ಮರುದಿನ ಬೋರ್ಡಿನ ಮೇಲೆ ಮೆಡಿಟರೇನಿಯನ್ ಸಮುದ್ರ ಬರೆದು, ಇದು ದೊಡ್ಡದೊಂದು ಮದಗದ ಕೆರೆ ಎಂದುಕೊಳ್ಳಿ ಎಂದೆ. ಏರಿಯ ಈಚೆ ರೋಮ್, ಆಚೆ ದಡದಲ್ಲಿ ನುಮಿಡಿಯ. ಅಲ್ಲಿ ಮಿಸಿಪ್ಸ ಎಂಬ ರಾಜ. ಅವನಿಗೆ ಇಬ್ಬರು ಗಂಡುಮಕ್ಕಳು, ಜೊತೆಗೆ ಸಾಕಿಕೊಂಡ ತಮ್ಮನ ಮಗ ಜುಗುರ್ಥ. ಸಾಯುವಾಗ ಮಿಸಿಪ್ಸ ಮೂವರನ್ನೂ ಕರೆದು, ಒಗ್ಗಟ್ಟಾಗಿರಿ ಎಂದು ಹೇಳಿ ಕಣ್ಣು ಮುಚ್ಚಿದ. ನಾನು ಇಷ್ಟು ಹೇಳುವಷ್ಟರಲ್ಲಿ ಇಡೀ ತರಗತಿ ಎದ್ದು ಕೂತಿತ್ತು. ಮುಂದೇನಾಗುತ್ತದೆ ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. "ಒಗ್ಗಟ್ಟಾಗಿರ್ಲಿಲ್ಲ ಅಲ್ವಾ ಮಿಸ್?" ಎಂದು ಅದೇ ಹಿಂದಿನ ಬೆಂಚು ಕೇಳಿತು.

ಆ ಊರಿನ ಮಕ್ಕಳು ಅಮೃತಮಹಲ್ ದನಗಳ ನಡುವೆ ಬೆಳೆದವರು. ನುಮಿಡಿಯದ ಸವಾರರು ಲಗಾಮಿಲ್ಲದೆ ಕುದುರೆ ಓಡಿಸುತ್ತಿದ್ದರು ಎಂದಾಗ ಒಬ್ಬರೂ ನಂಬಲಿಲ್ಲ. ಮೂಗುದಾರವಿಲ್ಲದೆ ಹೋರಿಯೇ ಮಾತು ಕೇಳುವುದಿಲ್ಲ, ಕುದುರೆ ಕೇಳುತ್ತದೆಯೇ ಎಂದು ವಾದಕ್ಕೆ ಬಿದ್ದರು. ಎರಡು ಪೀರಿಯಡ್ಡು ಅದರಲ್ಲೇ ಹೋಯಿತು. ಉತ್ಸಾಹದಲ್ಲಿ ನಾನು ಬೋರ್ಡಿನ ಮೇಲೆ ಜುಗುರ್ಥನ ಸೈನ್ಯದ ಚಿತ್ರ ಬರೆದು, ಆಫ್ರಿಕಾ ಎಂದ ಮೇಲೆ ಇರಲಿ ಎಂದು ಸಾಲಾಗಿ ಒಂಟೆಗಳನ್ನೂ ನಿಲ್ಲಿಸಿದೆ. ಅವನ ಕಾಲಕ್ಕೆ ಆ ಕಡೆ ಒಂಟೆ ಅಪರೂಪವೆಂದು ಆಮೇಲೆ ಓದಿ ತಿಳಿದು, ಒಂಟೆಗಳನ್ನು ವಾಪಸ್ ಪಡೆದಿದ್ದೇನೆ ಎಂದು ಪ್ರಕಟಿಸಬೇಕಾಯಿತು. ಪರೀಕ್ಷೆಯಲ್ಲಿ ಮಾತ್ರ ಒಂಟೆಗಳು ಬಂದೇ ಬಂದವು. ಮೇಷ್ಟರು ಬೋರ್ಡಿನ ಮೇಲೆ ಒಮ್ಮೆ ಬರೆದದ್ದನ್ನು ಯಾವ ಡಸ್ಟರೂ ಅಳಿಸುವುದಿಲ್ಲ, ನೆನಪಿಡಿ.

ತರೀಕೆರೆಯಲ್ಲಿ ನಮ್ಮ ಪ್ರಿನ್ಸಿಪಾಲರು ರಸಾಯನಶಾಸ್ತ್ರದವರು. ಒಳ್ಳೆಯ ಮನುಷ್ಯ, ಆದರೆ ತೂಗಿ ನೋಡಲಾಗದ ವಸ್ತುವಿನ ಮೇಲೆ ನಂಬಿಕೆಯಿಲ್ಲ. ನನ್ನ ತರಗತಿಯಿಂದ ನಗು ಕೇಳಿಸಿದಾಗಲೆಲ್ಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಒಮ್ಮೆ ಕೋಣೆಗೆ ಕರೆಸಿ, "ಈ ಜುಗುರ್ಥ ಎಷ್ಟು ಮಾರ್ಕ್ಸಿಗೆ ಬರ್ತಾನೆ ಮೇಡಂ?" ಎಂದು ಕೇಳಿದರು. ಅವನು ಮಾರ್ಕ್ಸಿಗೆ ಬರುವುದಿಲ್ಲ ಸಾರ್, ರೋಮಿನ ಪಾಠಕ್ಕೆ ಒಗ್ಗರಣೆಯಾಗಿ ಬರುತ್ತಾನೆ ಎಂದೆ. ಒಗ್ಗರಣೆ ಹತ್ತು ನಿಮಿಷ ಮೀರಬಾರದು ಎಂದು ಆಜ್ಞೆಯಾಯಿತು.

ನಾನು ಆಜ್ಞೆ ಪಾಲಿಸುತ್ತಿದ್ದೆ, ಆದರೆ ಜುಗುರ್ಥ ಪಾಲಿಸುತ್ತಿರಲಿಲ್ಲ. ಅವನು ರೋಮಿಗೆ ಹೋದ ಪ್ರಸಂಗವನ್ನು ನಾನು ಮಕ್ಕಳ ಕೈಯಲ್ಲಿ ಆಡಿಸುತ್ತಿದ್ದೆ. ಯಾವ ಯಾವ ನಾಯಕರು ನಿನ್ನಿಂದ ಲಂಚ ತಿಂದರು ಎಂದು ಜನರ ಎದುರು ಹೇಳು ಎಂದು ರೋಮಿನವರು ಅವನನ್ನು ಕರೆಸಿದ್ದರು. ಅವನು ಬಂದು ನಿಂತ. ಬಾಯಿ ಬಿಡುವ ಹೊತ್ತಿಗೆ ಬೀಬಿಯಸ್ ಎಂಬ ಅಧಿಕಾರಿ, ಇವನೂ ಜುಗುರ್ಥನಿಂದ ತಿಂದವನೇ, ಎದ್ದು "ಮಾತಾಡಕೂಡದು" ಎಂದು ತಡೆದ. ಅವನಿಗೆ ಹಾಗೆ ತಡೆಯುವ ಅಧಿಕಾರವಿತ್ತು. ಜನ ಕೂಗಾಡಿದರು, ಜುಗುರ್ಥ ಬಾಯಿ ಬಿಡದೆ ನಿಂತ.

ನಮ್ಮ ಜುಗುರ್ಥ ಹಾಗೆ ನಿಂತಿದ್ದಾಗಲೇ ತಪಾಸಣೆಯ ಅಧಿಕಾರಿಗಳು ಒಳಗೆ ಬಂದರು. ಹಿಂದೆಯೇ ಪ್ರಿನ್ಸಿಪಾಲರು. ಅಧಿಕಾರಿಗಳು ಎದುರು ನಿಂತ ಹುಡುಗನನ್ನು ಪ್ರೀತಿಯಿಂದ ಹೆಸರು ಕೇಳಿದರು. ಹುಡುಗ ಸುಮ್ಮನಿದ್ದ. ಊರು ಕೇಳಿದರು, ಸುಮ್ಮನಿದ್ದ. ಪ್ರಿನ್ಸಿಪಾಲರ ಮುಖ ನೀಲಿ ಲಿಟ್ಮಸ್ಸು ಆಮ್ಲಕ್ಕೆ ಬಿದ್ದ ಹಾಗೆ ಕೆಂಪಾಯಿತು. ಇವನಿಗೆ ಮಾತು ಬರುವುದಿಲ್ಲವೇ ಎಂದು ಅಧಿಕಾರಿಗಳು ನನ್ನನ್ನು ಮೆಲ್ಲಗೆ ಕೇಳಿದರು. ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಬೀಬಿಯಸ್ ಎದ್ದು, "ಬರುತ್ತೆ ಸಾರ್. ನಾನು ಮಾತಾಡ್ಬ್ಯಾಡ ಅಂದಿದೀನಿ" ಎಂದ.

ಅಧಿಕಾರಿಗಳು ಕಥೆ ಕೇಳಿ, ಕುರ್ಚಿ ಎಳೆದುಕೊಂಡು ಕೂತು, ಲಂಚ ತಿಂದವರೆಲ್ಲ ಯಾರು ಯಾರು ಎಂದು ಕಡೆಯವರೆಗೂ ಕೇಳಿಸಿಕೊಂಡರು. ರೋಮ್ ಬಿಟ್ಟು ಹೋಗುವಾಗ ಜುಗುರ್ಥ ತಿರುಗಿ ನೋಡಿ, ಕೊಳ್ಳುವವನು ಸಿಕ್ಕರೆ ಈ ಊರೇ ಮಾರಾಟವಾಗುತ್ತದೆ ಎಂಬ ಅರ್ಥದ ಮಾತು ಹೇಳಿದನಂತೆ ಎಂದಾಗ ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ವರದಿಯಲ್ಲಿ ಏನು ಬರೆದರೋ ಗೊತ್ತಿಲ್ಲ, ಪ್ರಿನ್ಸಿಪಾಲರು ಮಾತ್ರ ಒಗ್ಗರಣೆಗೆ ಇಪ್ಪತ್ತು ನಿಮಿಷ ಕೊಟ್ಟರು.

ಕಡೂರಿಗೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಬೋರ್ಡಿನ ಪಕ್ಕಕ್ಕೆ ಪ್ರೊಜೆಕ್ಟರ್ ಬಂತು. ಅದು ಕರೆಂಟಿದ್ದಾಗ ರೋಮನ್ನು ತೋರಿಸುತ್ತಿತ್ತು, ಇಲ್ಲದಾಗ ಬಿಳಿ ಪರದೆಯನ್ನು ತೋರಿಸುತ್ತಿತ್ತು. ಆಮೇಲೆ ಮಕ್ಕಳ ಜೇಬಿಗೇ ಮೊಬೈಲು ಬಂತು. ನಾನು ಒಂದು ಇಸವಿ ತಪ್ಪು ಹೇಳಿದರೆ ಮೂರನೆಯ ಬೆಂಚಿನಿಂದ ತಿದ್ದುಪಡಿ ಬರುತ್ತಿತ್ತು. ನನಗೇನೂ ಬೇಸರವಾಗಲಿಲ್ಲ. ಇಸವಿಯ ಹೊರೆ ಮೊಬೈಲು ಹೊತ್ತರೆ ಮೇಷ್ಟರ ತಲೆ ಅಷ್ಟು ಹಗುರ. ಆದರೆ ಇತಿಹಾಸ ತೆಗೆದುಕೊಳ್ಳುವ ಹುಡುಗರು ಕಡಿಮೆಯಾಗಿ, ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು. ಹಾಗಾಗಿ ಕಾಲೇಜು ದಿನಕ್ಕೆ ಜುಗುರ್ಥನ ನಾಟಕ ಮಾಡೋಣ ಎಂದಾಗ ಜುಗುರ್ಥನ ಪಾತ್ರ ಒಬ್ಬ ಹುಡುಗಿಗೇ ಹೋಯಿತು.

ಅವಳ ಹೆಸರು ಶಿವಲೀಲಾ. ಪಂಚನಹಳ್ಳಿಯವಳು, ಉದ್ದ ಜಡೆ, ಎತ್ತರದ ದನಿ. ಸೈಕಲ್ಲನ್ನು ಹ್ಯಾಂಡಲ್ ಮುಟ್ಟದೆ ಓಡಿಸುತ್ತಿದ್ದಳು. ಲಗಾಮಿಲ್ಲದ ನುಮಿಡಿಯದ ಕುದುರೆಗೆ ಇದಕ್ಕಿಂತ ಇನ್ನೇನು ಬೇಕು? ಜುಗುರ್ಥನ ಎದುರಾಳಿ ಅಧೇರ್ಬಾಲನಿಗೆ, ಅಂದರೆ ಮಿಸಿಪ್ಸನ ಮಗನಿಗೆ, ಅದೇ ಊರಿನ ದರ್ಶನ್ ಎಂಬ ಸಂಕೋಚದ ಹುಡುಗನನ್ನು ಆರಿಸಿದೆ. ಒಂದೇ ಊರಿನವರು, ಬಸ್ಸಿನಲ್ಲಿ ಬರುತ್ತ ಹೋಗುತ್ತ ಮಾತು ಅಭ್ಯಾಸ ಮಾಡಿಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಪಾತ್ರ ಹಂಚಿದಾಗ ತರಗತಿ ಇದ್ದಕ್ಕಿದ್ದಂತೆ ಗಪ್‌ಚಿಪ್ಪಾಯಿತು. ನಾಟಕದ ಗಾಂಭೀರ್ಯಕ್ಕೆ ಎಂದುಕೊಂಡೆ.

ವೇಷಭೂಷಣ ನನ್ನ ಮನೆಯವರ ಪಾಲಿಗೆ ಬಂತು. ಕಡೂರಿನಲ್ಲಿ ಅವರದು ದರ್ಜಿ ಅಂಗಡಿ. ರೋಮಿನ ನಾಯಕರು ಹೊಲಿಗೆಯಿಲ್ಲದ ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಅಂಚಿಗೆ ನೇರಳೆ ಬಣ್ಣ ಎಂದು ವಿವರಿಸಿದೆ. ಅವರು ಕತ್ತರಿ ಕೆಳಗಿಟ್ಟು, "ಅಂದ್ರೆ ಅಂಚಿನ ಪಂಚೆ. ದರ್ಜಿ ಅಂಗಡಿ ಮುಚ್ಚಿಸೋ ಜನ ಇವರು" ಎಂದರು. ಆದರೂ ನುಮಿಡಿಯದ ಪಕ್ಷ ವಹಿಸಿ ಶಿವಲೀಲಾಳಿಗೆ ಒಳ್ಳೆಯ ಕೆಂಪು ಅಂಗಿ ಹೊಲಿದುಕೊಟ್ಟರು.

ಮೂರನೆಯ ತಾಲೀಮಿನಲ್ಲಿ ಪಾಲಿನ ದೃಶ್ಯ ಬಂತು. ಜುಗುರ್ಥ ಮಿಸಿಪ್ಸನ ಒಬ್ಬ ಮಗನನ್ನು ಕೊಲ್ಲಿಸಿದ್ದಾನೆ, ಉಳಿದ ಅಧೇರ್ಬಾಲ ರೋಮಿಗೆ ಓಡಿಹೋಗಿ ನ್ಯಾಯ ಕೇಳಿದ್ದಾನೆ. ರೋಮ್ ಹತ್ತು ಜನರ ನಿಯೋಗ ಕಳಿಸುತ್ತದೆ. ಜುಗುರ್ಥ ಅದರ ಮುಖ್ಯಸ್ಥನನ್ನು ಉಡುಗೊರೆ ಕೊಟ್ಟು ಒಲಿಸಿಕೊಳ್ಳುತ್ತಾನೆ. ಅವರು ಗೆರೆ ಎಳೆದು ಫಲವತ್ತಾದ ಭಾಗ ಜುಗುರ್ಥನಿಗೆ, ನೋಡಲು ಚಂದವಿರುವ ಭಾಗ ಅಧೇರ್ಬಾಲನಿಗೆ ಎಂದು ಹೇಳುತ್ತಾರೆ. ಇಲ್ಲಿ ಶಿವಲೀಲಾ ಮಾತು ನಿಲ್ಲಿಸಿದಳು.

"ಇದು ಪಾಲೇ ಅಲ್ಲ ಮಿಸ್. ನಮ್ ಕಡೆ ದೊಡ್ಡೋನು ಗೆರೆ ಎಳೀಬೇಕು, ಚಿಕ್ಕೋನು ಆರಿಸ್ಕೋಬೇಕು. ಎಳೆದೋರೇ ಯಾರಿಗ್ಯಾವುದು ಅಂತ ಹೇಳಂಗಿಲ್ಲ."

ಯಾವತ್ತೂ ಬಾಯಿ ಬಿಡದ ದರ್ಶನ್ ತಲೆ ತಗ್ಗಿಸಿಕೊಂಡೇ, "ಆರಿಸ್ಕೊಳ್ಳೋರು ಬೋರ್‌ವೆಲ್ ಮೇಲೇ ಕಣ್ಣಿಟ್ಕೊಂಡ್ ಕೂತಿದ್ರೆ ದೊಡ್ಡೋನು ಹೆಂಗ್ ಎಳೀತಾನೆ?" ಎಂದ.

"ಮೊದ್ಲು ಎಳೀಲಿ ಅನ್ನು" ಎಂದಳು ಅವಳು. ನಾಟಕದಲ್ಲಿ ಈ ಮಾತುಗಳಿರಲಿಲ್ಲ.

ಆಮೇಲೆ ಬೇರೆ ಹುಡುಗಿಯರಿಂದ ವಿಷಯ ತಿಳಿಯಿತು. ದರ್ಶನನ ಅಪ್ಪ ಮರುಳಪ್ಪ ಅಣ್ಣ, ಶಿವಲೀಲಾಳ ಅಪ್ಪ ಓಂಕಾರಪ್ಪ ತಮ್ಮ. ಅವರಪ್ಪ ನೆಟ್ಟ ಒಂದು ತೆಂಗಿನ ತೋಟ, ಅದಕ್ಕೆ ನೀರಿರುವ ಒಂದೇ ಬೋರ್‌ವೆಲ್, ಅದೂ ಒಂದು ಮೂಲೆಯಲ್ಲಿ. ಹೇಗೆ ಗೆರೆ ಎಳೆದರೂ ಬೋರ್‌ವೆಲ್ ಒಂದು ಪಾಲಿಗೇ ಬೀಳುತ್ತದೆ, ತಮ್ಮ ಅದನ್ನೇ ಆರಿಸಿಕೊಳ್ಳುತ್ತಾನೆ ಎಂದು ಅಣ್ಣ ಗೆರೆ ಎಳೆಯಲು ಒಪ್ಪಿರಲಿಲ್ಲ. ಹೊರಗಿನವರನ್ನು ಕರೆಸಿ ಅಳತೆ ಮಾಡಿಸೋಣ ಎಂದಿದ್ದ. ಅಣ್ಣ ಕರೆಸಿದವನು ಅಣ್ಣನ ಕಡೆಯೇ ಎಂದು ತಮ್ಮ ಒಪ್ಪಿರಲಿಲ್ಲ. ಮಾತು ನಿಂತು ಮೂರು ವರ್ಷವಾಗಿತ್ತು. ಆ ವರ್ಷ ಅಣ್ಣ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕಿದ. ತಮ್ಮ ಅದರ ಮೇಲೆ ತನ್ನದೂ ಒಂದು ಬೀಗ ಹಾಕಿದ. ಇಬ್ಬರಿಗೂ ನೀರಿಲ್ಲ. ಮರಗಳಲ್ಲಿ ಹರಳು, ಅಂದರೆ ಗೋಲಿಯಷ್ಟು ಎಳೆಗಾಯಿ, ಉದುರಲು ಶುರುವಾಗಿತ್ತು. ಮುಂದಿನ ಬೇಸಿಗೆಯೂ ಹೀಗೇ ಹೋದರೆ ಸುಳಿ ಒಣಗಿ ತೋಟವೇ ಹೋಗುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಇಬ್ಬರೂ ಕೋರ್ಟಿಗೆ ಹೋಗಲು ವಕೀಲರನ್ನು ಹುಡುಕುತ್ತಿದ್ದರು.

ಒಂದೇ ಮನೆತನದ ಎರಡು ಕವಲನ್ನು ತಂದು ನಾನು ಜುಗುರ್ಥ, ಅಧೇರ್ಬಾಲ ಮಾಡಿ ಎದುರುಬದುರು ನಿಲ್ಲಿಸಿದ್ದೆ. ಪಾತ್ರ ಬದಲಿಸಲು ಹೋದರೆ ಇಬ್ಬರೂ ಬಿಡಲಿಲ್ಲ. ಕಾಲೇಜಿನಲ್ಲಾದರೂ ಒಬ್ಬರಿಗೊಬ್ಬರು ಮಾತಾಡಲು ಅವರಿಗೆ ಅದೊಂದೇ ನೆಪ ಸಿಕ್ಕಿತ್ತು ಎಂದು ನನಗೆ ಆಮೇಲೆ ಅರ್ಥವಾಯಿತು. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಮಕ್ಕಳು ಅವು.

ಕಾಲೇಜು ದಿನ ಪಂಚನಹಳ್ಳಿಯಿಂದ ಎರಡೂ ಮನೆಯವರು ಬಂದು ಮೈದಾನದ ಎರಡು ತುದಿಗೆ ಕೂತರು. ಶಿವಲೀಲಾ ಕೆಂಪಂಗಿ ತೊಟ್ಟು, ಕ್ರೀಡಾ ಕೋಣೆಯ ಜಾವೆಲಿನ್ ಎತ್ತಿ ಹಿಡಿದು, ಎರಡೂ ಕೈ ಬಿಟ್ಟು ಸೈಕಲ್ಲಿನಲ್ಲಿ ಮೈದಾನ ಸುತ್ತಿದಳು. ಶಿಳ್ಳೆ ಕಡೂರು ಸ್ಟೇಷನ್ನಿಗೆ ಕೇಳಿಸಿರಬೇಕು. ಪಂಚೆ ಸುತ್ತಿದ ರೋಮಿನವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ರಾಜ್ಯ ಹಂಚಿದಾಗ ಜನ ಸುಮ್ಮನಿರಲಿಲ್ಲ. "ಎಳೆದೋನೇ ಹಂಚ್ತಾನಲ್ರೀ, ಇದ್ಯಾವ ನ್ಯಾಯ" ಎಂದು ಒಬ್ಬ ಹಿರಿಯರು ಗಟ್ಟಿಯಾಗಿಯೇ ಕೇಳಿದರು. ಇನ್ನೊಬ್ಬರು, ಬೆಕ್ಕುಗಳಿಗೆ ಕೋತಿ ಬೆಣ್ಣೆ ಹಂಚಿದ ಹಾಗಾಯ್ತು ಬಿಡಿ ಎಂದರು. ಅಲ್ಲಿಗೆ ಬಹುಮಾನ ವಿತರಣೆಗೆ ಹೊತ್ತಾಯಿತೆಂದು ಗಂಟೆ ಹೊಡೆದರು. ನಾಟಕ ಪಾಲಿನ ದೃಶ್ಯಕ್ಕೇ ನಿಂತುಹೋಯಿತು.

ಆ ಭಾನುವಾರ ಮರುಳಪ್ಪ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಡಬ್ಬಿ ತುಪ್ಪ. ರಾಜರ ಪಾಲಿನ ವಿಚಾರ ಗೊತ್ತಿರುವ ನೀವೇ ನಮ್ಮ ತೋಟಕ್ಕೂ ಒಂದು ದಾರಿ ತೋರಿಸಿ, ಬೋರ್‌ವೆಲ್ ಹಾಕಿಸಿದಾಗ ಓಡಾಡಿದವನು ನಾನು, ಅದು ನನ್ನ ಕಡೆ ಬರುವ ಹಾಗೆ ಒಂದು ಮಾತು ಹೇಳಿದರೆ ಸಾಕು ಎಂದು ಕೇಳಿಕೊಂಡರು. ಬೇಡವೆಂದರೂ ಡಬ್ಬಿ ಬಾಗಿಲಲ್ಲೇ ಇಟ್ಟು ಹೋದರು. ಮರುದಿನ ಸಂಜೆ ಓಂಕಾರಪ್ಪ ಬಂದರು. ಅವರದು ಒಂದು ಚೀಲ ಕೊಬ್ಬರಿ. ಮಾತು ಮಾತ್ರ ಅಣ್ಣನದೇ, ಬೋರ್‌ವೆಲ್ ಈ ಕಡೆಗೆ ಬರಬೇಕು ಎಂಬುದೊಂದು ಬದಲಾವಣೆ.

ನನ್ನ ಮನೆಯವರು ತುಪ್ಪದ ಡಬ್ಬಿಯನ್ನೂ ಕೊಬ್ಬರಿ ಚೀಲವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಒಬ್ಬಟ್ಟಿಗೆ ಬೆಲ್ಲ ಒಂದ್ ಕಡಿಮೆ. ಮೂರನೇ ತಮ್ಮ ಯಾರಾದ್ರೂ ಇದ್ರೆ ವಿಚಾರ್ಸು" ಎಂದರು. ನಕ್ಕೆ, ಆಮೇಲೆ ಹೊಳೆಯಿತು. ಎಷ್ಟೋ ವರ್ಷದಿಂದ ತರಗತಿಯಲ್ಲಿ ಬೈಯುತ್ತ ಬಂದ ರೋಮಿನ ನಿಯೋಗ ಈಗ ನನ್ನ ಪಡಸಾಲೆಯಲ್ಲೇ ಕೂತಿತ್ತು. ಅದರ ಮುಖ್ಯಸ್ಥಳು ನಾನು. ತುಪ್ಪ ಬೇರೆ ಘಮಘಮ ಎನ್ನುತ್ತಿತ್ತು.

ಮಂಗಳವಾರ ಇಬ್ಬರು ಮಕ್ಕಳನ್ನೂ ಮನೆಗೆ ಕರೆದೆ. ದೊಡ್ಡಪ್ಪನ ತುಪ್ಪವನ್ನು ಶಿವಲೀಲಾಳ ಕೈಗೆ ಕೊಟ್ಟು, ನಿಮ್ಮಪ್ಪನಿಗೆ ಕೊಡು, ಮಿಸ್‌ಗೆ ಅಣ್ಣ ತಂದುಕೊಟ್ಟದ್ದು ಅನ್ನು ಎಂದೆ. ಚಿಕ್ಕಪ್ಪನ ಕೊಬ್ಬರಿಯನ್ನು ಅದೇ ಮಾತು ಹೇಳಿ ದರ್ಶನನ ತಲೆಗೆ ಹೊರಿಸಿದೆ. ಇಬ್ಬರೂ ಗಲ್ಲಿ ದಾಟುವವರೆಗೆ ತಡೆದುಕೊಂಡಿದ್ದು, ತಿರುವಿನಲ್ಲಿ ಬಿದ್ದು ಬಿದ್ದು ನಕ್ಕದ್ದು ಕೇಳಿಸಿತು.

ಮರುದಿನ ಇಬ್ಬರೂ ಕಾಲೇಜಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಚೇಷ್ಟೆಯಿಂದ ಇದ್ದ ಬೆಂಕಿಗೆ ತುಪ್ಪ ಸುರಿದೆನೇನೋ ಎಂದು ನನಗೆ ನಿಜವಾಗಿ ಭಯವಾಯಿತು. ಶುಕ್ರವಾರ ನೋಡಿದರೆ ಕಾಲೇಜು ಗೇಟಿನಲ್ಲಿ ಎರಡು ಬೈಕು. ಒಂದರ ಪಕ್ಕ ಮರುಳಪ್ಪ, ನಾಲ್ಕು ಮಾರು ಆಚೆ ಇನ್ನೊಂದರ ಪಕ್ಕ ಓಂಕಾರಪ್ಪ. ತಾವು ಕೊಟ್ಟದ್ದು ಇನ್ನೊಬ್ಬನ ಮನೆ ಸೇರಿತೆಂದು ಇಬ್ಬರಿಗೂ ನಾಚಿಕೆಯಾಗಿತ್ತು, ಇಬ್ಬರೂ ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ಅಣ್ಣ ಕೇಳಬೇಕಾದದ್ದನ್ನು "ಮೇಡಂ, ಅವ್ರಿಗ್ ಹೇಳಿ" ಎನ್ನುತ್ತಿದ್ದರು. ತಮ್ಮನೂ ಹಾಗೆಯೇ. ನಾನು ನಡುವೆ ನಿಂತು ಎರಡೂ ಕಡೆಯ ಟಪಾಲು ಸಾಗಿಸಿದೆ.

ಒಂದು ಹಂತದಲ್ಲಿ ಟಪಾಲು ನಿಂತಿತು. ಮರುಳಪ್ಪ ಕೇಳಿದರು: "ಆ ನಾಟಕ ಅರ್ಧಕ್ಕೇ ನಿಂತೋಯ್ತಲ್ಲ ಮೇಡಂ. ಪಾಲಾದ್ಮೇಲೆ ಅವರಿಬ್ರೂ ಏನಾದ್ರು?"

ನಾನು ಹೇಳಿದೆ. ಒಳ್ಳೆಯ ಭಾಗ ಸಿಕ್ಕರೂ ಜುಗುರ್ಥನಿಗೆ ಸಾಲಲಿಲ್ಲ. ಅಧೇರ್ಬಾಲನ ಕೋಟೆಯನ್ನು ಮುತ್ತಿದ. ಅಧೇರ್ಬಾಲ ಮತ್ತೆ ರೋಮಿಗೆ ಹೇಳಿಕಳಿಸಿದ. ರೋಮಿನವರು ಬಂದರು, ಮಾತಾಡಿದರು, ಹೋದರು. ಜೀವ ಉಳಿಸುತ್ತೇನೆ ಎಂದ ಮಾತು ನಂಬಿ ಅಧೇರ್ಬಾಲ ಹೊರಗೆ ಬಂದ, ಜುಗುರ್ಥ ಅವನನ್ನು ಹಿಂಸಿಸಿ ಕೊಂದ. ಆಮೇಲೆ ರೋಮ್ ಜುಗುರ್ಥನ ಮೇಲೆಯೇ ಯುದ್ಧಕ್ಕೆ ಬಂತು. ವರ್ಷಗಟ್ಟಲೆ ಕಾದಾಡಿದ. ಕೊನೆಗೆ ಅವನಿಗೆ ಹೆಣ್ಣು ಕೊಟ್ಟ ಮಾವ, ಪಕ್ಕದ ನಾಡಿನ ರಾಜ ಬೊಕ್ಕಸ್ ಎಂಬವನೇ ಅವನನ್ನು ಹಿಡಿದು ರೋಮಿನ ಸುಲ್ಲ ಎಂಬ ಅಧಿಕಾರಿಯ ಕೈಗೆ ಒಪ್ಪಿಸಿದ. ರೋಮಿನ ಬೀದಿಯಲ್ಲಿ ಮೆರವಣಿಗೆ ಮಾಡಿ ನೆಲಮಾಳಿಗೆಯ ಸೆರೆಗೆ ತಳ್ಳಿದರು, ಅಲ್ಲೇ ಸತ್ತ.

"ಭೂಮಿ?" ಎಂದರು ಓಂಕಾರಪ್ಪ.

"ಒಂದು ತುಂಡು ಆ ಮಾವನಿಗೆ ಹೋಯ್ತು. ಉಳಿದದ್ದು ಕೆಲವು ಕಾಲ ಅವರಿವರ ಕೈಲಿತ್ತು. ಕೊನೆಗೆ ಎಲ್ಲ ರೋಮಿಂದೇ ಆಯ್ತು."

ಕಾಲೇಜಿನ ಗಂಟೆ ಹೊಡೆದು ಮಕ್ಕಳು ನಮ್ಮ ಸುತ್ತ ಹಾದುಹೋದರು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದಂಗಾಯ್ತು ಎಂದು ಮರುಳಪ್ಪ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಆದರೂ ನೀವು ಬೇರೆ, ನೀವೇ ಬಂದು ಗೆರೆ ಎಳೆದುಕೊಡಿ ಎಂದರು.

"ನಾನು ಬರ್ತೀನಿ, ಊಟ ಮಾಡ್ತೀನಿ. ಗೆರೆ ಮಾತ್ರ ಎಳೆಯಲ್ಲ. ನಿಮ್ಮಲ್ಲಿ ಪಾಲು ಮಾಡೋ ಕ್ರಮ ಹೇಗೆ ಅಂತ ನಿಮ್ಮ ಮಕ್ಕಳೇ ನನಗೆ ಹೇಳಿಕೊಟ್ಟಿದಾರೆ" ಎಂದೆ. ಅದಕ್ಕೆ ಮೊದಲು ಎರಡೂ ಬೀಗ ತೆಗೆದು ಮರಗಳಿಗೆ ನೀರು ಬಿಡಿ, ಸತ್ತ ತೋಟ ಹಂಚಿಕೊಂಡು ಏನು ಮಾಡುತ್ತೀರಿ ಎಂದೂ ಸೇರಿಸಿದೆ. ಮೇಷ್ಟರ ದನಿ ಬಂದುಬಿಟ್ಟಿತ್ತು. ಇಬ್ಬರೂ ತಲೆಯಾಡಿಸಿ ಬೈಕು ಹತ್ತಿದರು.

ನಾನು ಹೋದ ದಿನ ತೋಟದ ಪಾತಿಗಳು ಒದ್ದೆಯಾಗಿದ್ದವು. ಕ್ರಮದ ಪ್ರಕಾರ ಅಣ್ಣ ಗೆರೆ ಎಳೆಯುವಾಗ ತಮ್ಮ ಅಲ್ಲಿರುವ ಹಾಗಿಲ್ಲ. ಓಂಕಾರಪ್ಪ ಪಕ್ಕದ ಹೊಲದ ಹುಣಸೆ ಮರದಡಿ ನಮಗೆ ಬೆನ್ನು ಮಾಡಿ ಕೂತಿದ್ದರು. ನಾನು ಬದುವಿನ ಮೇಲೆ ಕೂತೆ. ಹಗ್ಗದ ಒಂದು ತುದಿ ದರ್ಶನನ ಕೈಯಲ್ಲಿ, ಇನ್ನೊಂದು ಶಿವಲೀಲಾಳ ಕೈಯಲ್ಲಿ. ಯಾವ ಪಾಲು ತನಗೆ ಉಳಿಯುತ್ತದೆ ಎಂದು ಮರುಳಪ್ಪನಿಗೆ ಗೊತ್ತಿಲ್ಲ. ಕ್ರಮದ ಗುಟ್ಟೆಲ್ಲ ಇರುವುದು ಇದರಲ್ಲೇ.

ಅವರು ಮೊದಲ ಗೂಟವನ್ನು ಬೋರ್‌ವೆಲ್ಲಿನ ಪಕ್ಕಕ್ಕೇ ನೆಟ್ಟರು. ಗೆರೆ ಅದರ ಮೇಲೇ ಹಾಯಬೇಕು, ನೀರು ದಿನ ಬಿಟ್ಟು ದಿನ ಎರಡು ಕಡೆಗೂ ಎಂದರು. ಮೂಲೆಯ ಬೋರ್‌ವೆಲ್ಲಿನಿಂದ ಹೊರಟ ಗೆರೆ ನೆಟ್ಟಗೆ ಹೋಗಲಿಲ್ಲ, ತೋಟದ ನಡುವೆ ಓರೆಯಾಗಿ ಹೊರಟಿತು. ಅಲ್ಲಿಂದ ಅವರ ಪರದಾಟ ಶುರು. ಈಚೆ ಹಳೆಯ ಮರ ಹೆಚ್ಚಾಯಿತು ಎಂದು ಗೂಟ ಆಚೆಗೆ ಸರಿಸುವರು. ಆಚೆ ರಸ್ತೆ ಸಿಕ್ಕಿತು ಎಂದು ಮತ್ತೆ ಈಚೆಗೆ. ಒಂದು ಕಡೆ ನಿಂತು ಇದು ನನಗೆ ಉಳಿದರೆ ಎಂದು ನೋಡುವರು, ಇನ್ನೊಂದು ಕಡೆ ಹೋಗಿ ಇದು ಉಳಿದರೆ ಎಂದು ನೋಡುವರು. ಮಕ್ಕಳು ಹಗ್ಗ ಹಿಡಿದು ಹಿಡಿದು ಸುಸ್ತಾದರು. ಬಿಸಿಲೇರಿತು. ರೋಮಿನ ಹತ್ತು ಜನ ಸೇರಿ ಇಡೀ ರಾಜ್ಯ ಹಂಚುವಾಗಲೂ ಇದರ ಕಾಲು ಭಾಗ ಯೋಚಿಸಿರಲಾರರು. ಕೊನೆಗೆ ಮರುಳಪ್ಪ ಕೈ ಒರೆಸಿಕೊಂಡು, ತಮ್ಮನನ್ನು ಕರೆಯುವಂತೆ ಮಗನಿಗೆ ಸನ್ನೆ ಮಾಡಿದರು.

ಓಂಕಾರಪ್ಪ ಬಂದು ಯಾರನ್ನೂ ನೋಡದೆ ಈಚೆಯ ಪಾಲನ್ನು ಸುತ್ತಿದರು. ಒಂದೊಂದು ಮರದ ಕೆಳಗೂ ನಿಂತು ಗೊನೆ ನೋಡಿದರು. ಗೆರೆ ದಾಟಿ ಆಚೆಯ ಪಾಲನ್ನೂ ಹಾಗೆಯೇ ಸುತ್ತಿದರು. ಮತ್ತೆ ಈಚೆ ಬಂದರು, ಮತ್ತೆ ಆಚೆ ಹೋದರು. ಶಿವಲೀಲಾ ಉಗುರು ಕಚ್ಚುತ್ತಿದ್ದಳು. ಓಂಕಾರಪ್ಪ ಗೆರೆಯ ಮೇಲೆ ಬಂದು ನಿಂತು, ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು, ಮೂರು ವರ್ಷದ ಮೇಲೆ ಮೊದಲ ಸಲ ಅಣ್ಣನ ಮುಖ ನೋಡಿ ಮಾತಾಡಿದರು.

"ಅಣ್ಣಾ, ಎರಡೂ ಒಂದೇ ಥರ ಇದಾವಲ್ಲೋ. ನಂಗ್ ಆರಿಸೋಕ್ ಆಗ್ತಿಲ್ಲ."

ಮರುಳಪ್ಪನ ಕಣ್ಣು ತುಂಬಿಕೊಂಡಿದ್ದವು. ಮಕ್ಕಳಿಗೆ ಹಗ್ಗ ಕೆಳಗಿಡಲು ಹೇಳಿ, ಗೆರೆ ದಾಟಿ ತಮ್ಮನ ಹತ್ತಿರ ಬಂದರು.

"ನಂಗೂ ಆಗ್ಲಿಲ್ಲ ಕಣೋ. ಅದ್ಕೇ ಅಲ್ಲಿಗ್ ನಿಲ್ಲಿಸ್ದೆ."